ಬೋಸ್ನಿಯಾದ ಮೇಲಿನ ಶಸ್ತ್ರಾಸ್ತ್ರ ನಿರ್ಬಂಧ: ತೆಗೆಯಬೇಕಿತ್ತೇ, ಯಾವಾಗ, ಹೇಗೆ?

ಓದುಗರ ಪ್ರಶ್ನೆ: ಮುತ್ತಿಗೆಗೆ ಸಿಕ್ಕ ದೇಶಕ್ಕೆ ಹೊರಗಿನಿಂದ ಆಯುಧ ಹೋಗದಂತೆ ತಡೆಯುವುದು ಮೇಲ್ನೋಟಕ್ಕೇ ಅನ್ಯಾಯ ಅನ್ನಿಸುತ್ತದೆ. ಆದರೆ 1992ರಿಂದ 1995ರವರೆಗಿನ ಬೋಸ್ನಿಯಾ ಯುದ್ಧದ ಬಗ್ಗೆ ಓದಿದರೆ ಗೊಂದಲವಾಗುತ್ತದೆ. ವಿಶ್ವಸಂಸ್ಥೆಯ ನಿರ್ಬಂಧವೇ ಜನರನ್ನು ಸಾಯಿಸಿತು ಎಂದು ಒಬ್ಬರು, ಅದನ್ನು ತೆಗೆದಿದ್ದರೆ ಇನ್ನೂ ಹೆಚ್ಚು ಜನ ಸಾಯುತ್ತಿದ್ದರು ಎಂದು ಇನ್ನೊಬ್ಬರು. ಯಾರ ಮಾತು ಸರಿ? ಇಂಥದೇ ಸಂದರ್ಭ ಮತ್ತೆ ಬಂದರೆ ಏನನ್ನು ನೋಡಿ ತೀರ್ಮಾನಿಸಬೇಕು?

ಉತ್ತರ: ತೆಗೆಯಬೇಕಿತ್ತು, ಅದೂ 1992ರ ಮೇ ತಿಂಗಳಲ್ಲೇ. ಒಂದು ವರ್ಷ ತಡವಾದ ಮೇಲೆ ಬರೀ ನಿರ್ಬಂಧ ತೆಗೆಯುವುದು ಸಾಲದಾಗಿತ್ತು. ಆಗ ಅದರ ಜೊತೆಗೆ ಆಕಾಶದಿಂದ ರಕ್ಷಣೆಯೂ, ನೆರೆಯ ಕ್ರೊಯೇಷಿಯಾದ ಒಪ್ಪಿಗೆಯೂ ಬೇಕಿತ್ತು. ಹಾಗಾಗಿ ನೀವು ಓದಿದ ಇಬ್ಬರೂ ಪೂರ್ತಿ ತಪ್ಪಲ್ಲ. ಒಬ್ಬರು 1992ನ್ನು, ಇನ್ನೊಬ್ಬರು 1993ನ್ನು ಮನಸ್ಸಿನಲ್ಲಿಟ್ಟು ಮಾತಾಡುತ್ತಿದ್ದಾರೆ, ಅಷ್ಟೆ. ಈ ವಾದದಲ್ಲಿ ಇಸವಿ ಹೇಳದೆ ಮಾತಾಡುವವರನ್ನು ನಂಬಬೇಡಿ.

ಮೊದಲು ನಿರ್ಬಂಧ ಬಂದ ಬಗೆ ನೋಡಿ. 1991ರ ಸೆಪ್ಟೆಂಬರ್ 25ರಂದು ಭದ್ರತಾ ಮಂಡಳಿ 713ನೇ ನಿರ್ಣಯವನ್ನು ಅವಿರೋಧವಾಗಿ ಅಂಗೀಕರಿಸಿತು. ಯುಗೊಸ್ಲಾವಿಯಾಕ್ಕೆ ಯಾರೂ ಯಾವ ಬಗೆಯ ಆಯುಧವನ್ನೂ ಕಳಿಸಕೂಡದು ಎಂಬುದು ಅದರ ಸಾರ. ಆಗ ಯುದ್ಧ ನಡೆಯುತ್ತಿದ್ದುದು ಕ್ರೊಯೇಷಿಯಾದಲ್ಲಿ. ಬೋಸ್ನಿಯಾ ಇನ್ನೂ ಯುಗೊಸ್ಲಾವಿಯಾದ ಒಂದು ಗಣರಾಜ್ಯ. ಯುಗೊಸ್ಲಾವಿಯಾ ಸರ್ಕಾರವೇ ಈ ನಿರ್ಣಯಕ್ಕೆ ಒಪ್ಪಿಗೆ ಕೊಟ್ಟಿತ್ತು ಎಂಬುದನ್ನು ಬಹಳ ಜನ ಮರೆಯುತ್ತಾರೆ. 1991–92ರಲ್ಲಿ ಭಾರತವೂ ಮಂಡಳಿಯ ಸದಸ್ಯ ದೇಶವಾಗಿತ್ತು, ಪರವಾಗಿಯೇ ಮತ ಹಾಕಿತು. ಆ ದಿನದ ಮಟ್ಟಿಗೆ ಅದೊಂದು ಸಹಜ ತೀರ್ಮಾನ: ಬೆಂಕಿ ಬಿದ್ದಿದೆ, ಇನ್ನಷ್ಟು ಸೀಮೆಎಣ್ಣೆ ಬೇಡ.

ತಪ್ಪು ಇದ್ದದ್ದು ಸೀಮೆಎಣ್ಣೆಯ ಡಬ್ಬ ಈಗಾಗಲೇ ಯಾರ ಮನೆಯಲ್ಲಿದೆ ಎಂದು ನೋಡದೇ ಇದ್ದುದರಲ್ಲಿ. ಯುಗೊಸ್ಲಾವ್ ಪ್ರಜಾ ಸೇನೆ ಯುರೋಪಿನ ದೊಡ್ಡ ಸೇನೆಗಳಲ್ಲಿ ಒಂದು. ಅದರ ಜೊತೆಗೆ ಪ್ರತಿ ಗಣರಾಜ್ಯಕ್ಕೂ ‘ಪ್ರಾದೇಶಿಕ ರಕ್ಷಣಾ ಪಡೆ’ ಅಂತ ಒಂದಿತ್ತು. ಹಳ್ಳಿ, ಕಾರ್ಖಾನೆ ಮಟ್ಟದಲ್ಲಿ ಬಂದೂಕುಗಳ ದಾಸ್ತಾನಿದ್ದ ವ್ಯವಸ್ಥೆ. 1990ರ ಮೇ ತಿಂಗಳಲ್ಲಿ ಸೇನೆ ಈ ದಾಸ್ತಾನನ್ನು ತನ್ನ ಉಗ್ರಾಣಗಳಿಗೆ ಸಾಗಿಸಿಕೊಂಡಿತು. ಸ್ಲೊವೇನಿಯಾ ಒಂದು ಪಾಲನ್ನು ಬಚ್ಚಿಟ್ಟುಕೊಂಡಿತು. ಕ್ರೊಯೇಷಿಯಾ ಹಂಗೇರಿಯಿಂದ ಬಂದೂಕು ಕೊಂಡಿತು, ಆಮೇಲೆ 1991ರ ಸೆಪ್ಟೆಂಬರಿನಲ್ಲಿ ಸೇನಾ ಬ್ಯಾರಕ್‌ಗಳನ್ನೇ ಮುತ್ತಿ, ವರಾಜ್ದಿನ್ ಪಟ್ಟಣವೊಂದರಲ್ಲೇ ಒಂದು ಇಡೀ ಕೋರ್‌ನ (ದೊಡ್ಡ ಸೇನಾ ವಿಭಾಗದ) ಟ್ಯಾಂಕು, ಫಿರಂಗಿಗಳನ್ನು ವಶಮಾಡಿಕೊಂಡಿತು. ಬೋಸ್ನಿಯಾದ ಸರ್ಕಾರ ಹೆಚ್ಚುಕಡಿಮೆ ಬರಿಗೈಯಲ್ಲಿ ಉಳಿಯಿತು. 1992ರ ಮೇ 19ರೊಳಗೆ ಸೇನೆ ಬೋಸ್ನಿಯಾದಿಂದ ‘ಹಿಂದೆ ಸರಿಯಿತು’ ಎಂದು ಬೆಲ್‌ಗ್ರೇಡ್, ಅಂದರೆ ಸರ್ಬಿಯಾ ಕಡೆಯವರ ಹಿಡಿತದಲ್ಲಿದ್ದ ಯುಗೊಸ್ಲಾವಿಯಾ ಸರ್ಕಾರ, ಹೇಳಿತು. ಸರಿದದ್ದು ಬೋಸ್ನಿಯಾದ ಹೊರಗೆ ಹುಟ್ಟಿದ ಸೈನಿಕರು ಮಾತ್ರ. ಉಳಿದ ಹತ್ತಾರು ಸಾವಿರ ಸೈನಿಕರು, ನೂರಾರು ಟ್ಯಾಂಕು ಮತ್ತು ಫಿರಂಗಿಗಳು ಬೋಸ್ನಿಯಾ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ, ರಾತ್ಕೊ ಮ್ಲಾದಿಚ್ ನಾಯಕತ್ವದ ಬೋಸ್ನಿಯಾ ಸರ್ಬ್ ಸೇನೆಯ ಪಾಲಾದವು. ಟೋಪಿಯ ಮೇಲಿನ ಲಾಂಛನ ಬದಲಾಯಿತು, ಅಧಿಕಾರಿಗಳ ಸಂಬಳ ಮಾತ್ರ ಬೆಲ್‌ಗ್ರೇಡ್‌ನಿಂದಲೇ ಬರುತ್ತಿತ್ತು.

ಕಾಗದದ ಮೇಲೆ ಎಲ್ಲರಿಗೂ ಒಂದೇ ಆಗಿದ್ದ ನಿಯಮ ನೆಲದ ಮೇಲೆ ಸರ್ಬರು, ಕ್ರೊಯೇಷಿಯಾ, ಬೋಸ್ನಿಯಾ ಸರ್ಕಾರ ಈ ಮೂವರಿಗೆ ಮೂರು ರೀತಿ ತಗುಲಿತು. ನಮ್ಮ ಓದುಗರಿಗೆ ಇದರ ಇನ್ನೊಂದು ಉದಾಹರಣೆ ಹತ್ತಿರದಲ್ಲೇ ಇದೆ. 1965ರ ಸೆಪ್ಟೆಂಬರಿನಲ್ಲಿ ಅಮೆರಿಕ ಭಾರತಕ್ಕೂ ಪಾಕಿಸ್ತಾನಕ್ಕೂ ಒಟ್ಟಿಗೆ ಆಯುಧ ಪೂರೈಕೆ ನಿಲ್ಲಿಸಿತು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕು, ಸೇಬರ್ ವಿಮಾನ ಎರಡೂ ಅಮೆರಿಕದವು, ಬಿಡಿಭಾಗಕ್ಕೂ ಅಲ್ಲಿಗೇ ಕೈಚಾಚಬೇಕು. ಭಾರತದ ಬಳಿ ಬ್ರಿಟಿಷ್, ಫ್ರೆಂಚ್, ಸೋವಿಯತ್ ಸಾಮಾನುಗಳ ಬೆರಕೆ ಇತ್ತು. ಒಂದೇ ಆದೇಶ, ಪೆಟ್ಟು ಬಿದ್ದದ್ದು ಹೆಚ್ಚಾಗಿ ಒಬ್ಬರಿಗೆ. ಆದ್ದರಿಂದ ಯಾವುದೇ ನಿರ್ಬಂಧ ‘ಪಕ್ಷಪಾತವಿಲ್ಲದ್ದು’ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು ಮೂರು: ದಾಸ್ತಾನು ಯಾರದು, ಕಾರ್ಖಾನೆ ಯಾರದು, ಗಡಿ ಯಾರ ಕೈಯಲ್ಲಿ.

ಇನ್ನು ಕಾನೂನು. ಬೋಸ್ನಿಯಾ 1992ರ ಮೇ 22ರಂದು ವಿಶ್ವಸಂಸ್ಥೆಯ ಸದಸ್ಯವಾಯಿತು. ಸನ್ನದಿನ 51ನೇ ವಿಧಿ ಪ್ರತಿ ಸದಸ್ಯ ದೇಶಕ್ಕೂ ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡುತ್ತದೆ. ಮಂಡಳಿ ಶಾಂತಿ ಕಾಪಾಡಲು ಬೇಕಾದ ಕ್ರಮ ಕೈಗೊಳ್ಳುವ ತನಕ ಆ ಹಕ್ಕಿಗೆ ಧಕ್ಕೆಯಿಲ್ಲ. ಬೋಸ್ನಿಯಾದ ವಾದ ಸರಳವಾಗಿತ್ತು: ಒಪ್ಪಿಗೆ ಕೊಟ್ಟ ಹಳೆಯ ಯುಗೊಸ್ಲಾವಿಯಾ ಈಗಿಲ್ಲ, ನಾವು ಕೊಟ್ಟಿಲ್ಲ; ನೀವೂ ಕಾಪಾಡುತ್ತಿಲ್ಲ, ಕಾಪಾಡಿಕೊಳ್ಳಲೂ ಬಿಡುತ್ತಿಲ್ಲ. ಎದುರು ವಾದವೂ ಗಟ್ಟಿಯೇ. ಸನ್ನದಿನ ಏಳನೇ ಅಧ್ಯಾಯದಡಿ (ಶಾಂತಿಗೆ ಧಕ್ಕೆ ಬಂದಾಗಿನ ಕ್ರಮಗಳ ಅಧ್ಯಾಯ) ಮಂಡಳಿ ಮಾಡಿದ ತೀರ್ಮಾನ 25ನೇ ವಿಧಿಯ ಪ್ರಕಾರ ಎಲ್ಲ ಸದಸ್ಯರನ್ನೂ ಕಟ್ಟಿಹಾಕುತ್ತದೆ. 1992ರ ಜನವರಿಯ 727ನೇ ನಿರ್ಣಯ ನಿರ್ಬಂಧವು ಹಳೆಯ ಯುಗೊಸ್ಲಾವಿಯಾದ ಎಲ್ಲ ಪ್ರದೇಶಕ್ಕೂ ಅನ್ವಯ ಎಂದು ಖಚಿತಪಡಿಸಿತ್ತು. ಬೋಸ್ನಿಯಾ 1993ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. ತಾತ್ಕಾಲಿಕ ಆದೇಶಗಳು ಬಂದವು, ಆದರೆ ನಿರ್ಬಂಧವನ್ನು ರದ್ದು ಮಾಡುವ ಕೆಲಸಕ್ಕೆ ನ್ಯಾಯಾಲಯ ಕೈಹಾಕಲಿಲ್ಲ. ಮಂಡಳಿ ಹಾಕಿದ ಗಂಟನ್ನು ಮಂಡಳಿಯೇ ಬಿಚ್ಚಬೇಕು.

ಬಿಚ್ಚಲು ಒಂಬತ್ತು ಮತ ಬೇಕು, ಐವರು ಕಾಯಂ ಸದಸ್ಯರಲ್ಲಿ ಯಾರೂ ವೀಟೊ ಹಾಕಬಾರದು. ಸಾಮಾನ್ಯ ಸಭೆ 1992ರ ಡಿಸೆಂಬರಿನಲ್ಲಿ ಬೋಸ್ನಿಯಾಕ್ಕೆ ವಿನಾಯಿತಿ ಕೊಡಿ ಎಂದು 102 ಮತಗಳಿಂದ ಮಂಡಳಿಯನ್ನು ಕೇಳಿಕೊಂಡಿತು; ವಿರುದ್ಧ ಒಂದೂ ಮತವಿಲ್ಲ, ತಟಸ್ಥರು 57. ಕೇಳಿಕೊಳ್ಳುವುದಷ್ಟೇ ಸಾಮಾನ್ಯ ಸಭೆಯ ಅಧಿಕಾರ. 1993ರ ಜೂನ್ 29ರಂದು ಮಂಡಳಿಯಲ್ಲೇ ಕರಡು ಬಂತು. ಅಮೆರಿಕ, ಪಾಕಿಸ್ತಾನ, ಮೊರಾಕೊ, ಜಿಬೂಟಿ, ಕೇಪ್ ವರ್ಡ್, ವೆನೆಜುವೆಲಾ ಪರ; ವಿರುದ್ಧ ಯಾರೂ ಇಲ್ಲ; ಬ್ರಿಟನ್, ಫ್ರಾನ್ಸ್, ರಷ್ಯಾ, ಚೀನಾ ಸೇರಿ ಒಂಬತ್ತು ದೇಶಗಳು ತಟಸ್ಥ. ಆರು ಮತಕ್ಕೆ ಕರಡು ಬಿದ್ದುಹೋಯಿತು. ಯಾರೂ ವೀಟೊ ಹಾಕುವ ಕಳಂಕ ಹೊರಬೇಕಾಗಲಿಲ್ಲ. ಕೈ ಎತ್ತದೆ ಕೂತು ಒಂದು ನಿರ್ಣಯವನ್ನು ಸಾಯಿಸುವ ಈ ವಿದ್ಯೆಯನ್ನು ಮಂಡಳಿಯ ಕಲಾಪ ಓದುವವರು ಗುರುತಿಸಿಕೊಳ್ಳಬೇಕು.

ಈಗ ಪ್ರಶ್ನೆಯ ತಿರುಳಿಗೆ ಬರೋಣ. ನಿರ್ಬಂಧ ತೆಗೆದ ದಿನ ಆಯುಧ ಬರುವುದಿಲ್ಲ. ಘೋಷಣೆಗೂ, ಕಂದಕದಲ್ಲಿ ಕೂತವನ ಕೈಯಲ್ಲಿ ಕೆಲಸ ಮಾಡುವ ಆಯುಧ ಇರುವುದಕ್ಕೂ ನಡುವೆ ಒಂದು ಅವಧಿ ಇರುತ್ತದೆ. ಇಡೀ ವಿವಾದ ನಿಜವಾಗಿ ಆ ಅವಧಿಯ ಬಗ್ಗೆ. ಎದುರಾಳಿಗೂ ಘೋಷಣೆ ಕೇಳಿಸುತ್ತದೆ. ನೀನು ಬಲವಾಗುವ ಮುಂಚೆಯೇ ಮುಗಿಸಿಬಿಡಬೇಕು ಎಂದು ಅವನು ಅದೇ ವಾರ ಹೊರಡುತ್ತಾನೆ.

ಆ ಅವಧಿ ಎಷ್ಟು ಉದ್ದ? ಯಾವ ಆಯುಧ ಎಂಬುದರ ಮೇಲಿದೆ. ಕಾಲಾಳು ಬಂದೂಕು, ಭುಜದ ಮೇಲಿಟ್ಟು ಹಾರಿಸುವ ಟ್ಯಾಂಕ್ ನಿರೋಧಕ ರಾಕೆಟ್, ಮಾರ್ಟರ್ ಇವಕ್ಕೆ ದಿನಗಳೋ ಕೆಲವು ವಾರಗಳೋ ಸಾಕು. ತಂತಿಯ ಮೂಲಕ ಗುರಿ ನಡೆಸುವ ಟ್ಯಾಂಕ್ ನಿರೋಧಕ ಕ್ಷಿಪಣಿಗೆ ಆರಿಸಿದ ಕೆಲವರನ್ನು ಕೂರಿಸಿ ವಾರಗಟ್ಟಲೆ ಅಭ್ಯಾಸ ಮಾಡಿಸಬೇಕು. ಫಿರಂಗಿ ಎಂದರೆ ಬರೀ ಕೊಳವೆಯಲ್ಲ. ಮುಂದೆ ನಿಂತು ಗುರಿ ಹೇಳುವವನು, ದೂರ ಮತ್ತು ಕೋನ ಲೆಕ್ಕ ಹಾಕುವವನು, ಸುರಕ್ಷಿತ ರೇಡಿಯೊ, ಎಳೆಯುವ ಲಾರಿ, ಗುಂಡು ತರುವ ಲಾರಿ ಎಲ್ಲ ಸೇರಿ ಒಂದು ವ್ಯವಸ್ಥೆ, ಅದಕ್ಕೆ ತಿಂಗಳುಗಳು ಬೇಕು. ಟ್ಯಾಂಕ್ ದಳಕ್ಕೆ ಇನ್ನೂ ಹೆಚ್ಚು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಾವು ನಗುತ್ತೇವೆ. ಮುತ್ತಿಗೆಯಲ್ಲಿರುವ ದೇಶಕ್ಕೆ ಬೇರೆ ಕಾಲವೇ ಸಿಗುವುದಿಲ್ಲ. ಬೋಸ್ನಿಯಾಕ್ಕೆ ಒಂದು ಅನುಕೂಲವಿತ್ತು. ಯುಗೊಸ್ಲಾವಿಯಾದಲ್ಲಿ ಸೇನಾ ಸೇವೆ ಕಡ್ಡಾಯವಾಗಿದ್ದರಿಂದ ಬಹುತೇಕ ವಯಸ್ಕ ಗಂಡಸರಿಗೆ ಆ ಆಯುಧಗಳ ಪರಿಚಯವಿತ್ತು. ಸರ್ಕಾರದ ಬಳಿ ಎದುರಾಳಿಗಿಂತ ಹೆಚ್ಚು ಜನರಿದ್ದರು, ಕೊರತೆ ಇದ್ದದ್ದು ಸಾಮಾನಿನದು.

ಗಾತ್ರದ ಲೆಕ್ಕವನ್ನೂ ಮಾಡಿ ನೋಡಿ. 122 ಮಿಲಿಮೀಟರ್ ಫಿರಂಗಿಯ ಒಂದು ಗುಂಡು ಸುಮಾರು 22 ಕಿಲೊ. ಆರು ಫಿರಂಗಿಯ ಒಂದು ಬ್ಯಾಟರಿ ಒಂದೊಂದರಿಂದ ದಿನಕ್ಕೆ ನೂರು ಗುಂಡು ಹಾರಿಸಿದರೆ 600 ಗುಂಡು, ಅಂದರೆ 13 ಟನ್. ಚಿಮ್ಮಿಸುವ ಮದ್ದು, ತೋಟೆ, ಪೆಟ್ಟಿಗೆ ಸೇರಿದರೆ 20 ಟನ್ನಿನ ಹತ್ತಿರ. ಒಂದು ಸಿ-130 ಸರಕು ವಿಮಾನ ಹೊರುವುದೂ ಸುಮಾರು ಅಷ್ಟೇ. ಒಂದು ಬ್ಯಾಟರಿಯ ಒಂದು ದಿನದ ಕೆಲಸಕ್ಕೆ ಒಂದು ವಿಮಾನ! ‘ವಿಮಾನದಲ್ಲಿ ಆಯುಧ ಇಳಿಸಿದ್ದರೆ ಆಗುತ್ತಿತ್ತು’ ಎನ್ನುವವರು ಈ ಗುಣಾಕಾರ ಮಾಡಿರುವುದಿಲ್ಲ. ಬಂದೂಕಿನ ಗುಂಡು, ರಾಕೆಟ್, ರೇಡಿಯೊಗಳನ್ನು ಆಕಾಶದಿಂದ ಪೂರೈಸಬಹುದು. ಫಿರಂಗಿ ಯುದ್ಧಕ್ಕೆ ರಸ್ತೆ ಬೇಕು, ರಸ್ತೆಯ ಆ ತುದಿಯಲ್ಲಿ ಬಂದರು ಬೇಕು.

ಬೋಸ್ನಿಯಾದ ರಾಜಧಾನಿ ಸರಯೇವೊದ ಸುರಂಗ ಇದಕ್ಕೆ ಒಳ್ಳೆಯ ಪಾಠ. 1992ರ ಏಪ್ರಿಲಿನಿಂದ 1996ರ ಫೆಬ್ರವರಿವರೆಗೆ 1,425 ದಿನ ಮುತ್ತಿಗೆಯಲ್ಲಿದ್ದ ಆ ನಗರದ ಜನ 1993ರ ಜುಲೈ ಕೊನೆಗೆ ವಿಮಾನ ನಿಲ್ದಾಣದ ಓಟಪಥದ ಅಡಿಯಲ್ಲಿ ದೊಬ್ರಿನ್ಯಾದಿಂದ ಬುತ್ಮಿರ್‌ಗೆ ಸುರಂಗ ತೋಡಿ ಮುಗಿಸಿದರು. ಉದ್ದ ಸುಮಾರು 800 ಮೀಟರ್, ಎತ್ತರ 1.6 ಮೀಟರ್, ಅಗಲ ಒಂದು ಮೀಟರ್. ಬೆನ್ನು ಬಗ್ಗಿಸಿಯೇ ನಡೆಯಬೇಕು. ಹಿಟ್ಟು, ಔಷಧ, ಬಂದೂಕು, ಗಾಯಾಳು ಎಲ್ಲವೂ ಅದರಲ್ಲೇ ಹೋಗಿ ಬಂದವು. ಆಮೇಲೆ ಸಣ್ಣ ಹಳಿ ಹಾಕಿ ತಳ್ಳುಗಾಡಿ ಓಡಿಸಿದರು. 120 ಮಿಲಿಮೀಟರ್ ಮಾರ್ಟರಿನ ಗುಂಡು 12–13 ಕಿಲೊ ಇರುತ್ತದೆ. ಬಗ್ಗಿ ನಡೆಯುವ ಒಬ್ಬ ಮನುಷ್ಯ ಎರಡೋ ಮೂರೋ ಹೊರಬಲ್ಲ. ಆ ಸುರಂಗ ನಗರವನ್ನು ಬದುಕಿಸಿತು. ಮುತ್ತಿಗೆ ಒಡೆಯಲು ಅದು ಸಾಲುವಂತಿರಲಿಲ್ಲ.

ಸ್ವಂತ ತಯಾರಿಕೆ? ಯುಗೊಸ್ಲಾವಿಯಾದ ಆಯುಧ ಕಾರ್ಖಾನೆಗಳಲ್ಲಿ ಬಹಳಷ್ಟು ಬೋಸ್ನಿಯಾದ ಬೆಟ್ಟಗಳ ನಡುವೆಯೇ ಇದ್ದವು, ಹೊರಗಿನ ದಾಳಿಯಿಂದ ದೂರವಿರಲಿ ಎಂಬ ಕಾರಣಕ್ಕೆ. ಆದರೆ ಸರಪಳಿಯ ಕೊಂಡಿಗಳು ಬೇರೆಬೇರೆಯವರ ಕೈಗೆ ಬಿದ್ದವು. ಕೊನಿತ್ಸ್‌ನ ಬಂದೂಕು ಗುಂಡಿನ ಕಾರ್ಖಾನೆ ಸರ್ಕಾರದ ಬಳಿ. ಫಿರಂಗಿ ಗುಂಡು ಮಾಡುವ ವೊಗೊಶ್ಚಾದ ದೊಡ್ಡ ಕಾರ್ಖಾನೆ ಸರಯೇವೊದ ಅಂಚಿನಲ್ಲೇ ಇದ್ದರೂ ಸರ್ಬ್ ಪಡೆಗಳ ಬಳಿ. ವಿತೆಜ್‌ನ ಸ್ಫೋಟಕ ಕಾರ್ಖಾನೆ ಕ್ರೊಯೇಟ್ ಪಡೆಗಳ ಬಳಿ. ಕಿಡಿ ಹೊತ್ತಿಸುವ ಪ್ರೈಮರ್, ಡಿಟೊನೇಟರ್ ಮಾಡುವ ಗೊರಾಜ್ದೆ ಪಟ್ಟಣ ಸರ್ಕಾರದ್ದೇ, ಆದರೆ ಅದು ಸ್ವತಃ ಮುತ್ತಿಗೆಯಲ್ಲಿ. ಗುಂಡಿಗೆ ಲೋಹದ ಕವಚ, ಒಳಗಿನ ಮದ್ದು, ಪ್ರೈಮರ್ ಮೂರೂ ಬೇಕು. ಒಂದಿಲ್ಲದಿದ್ದರೂ ಉಳಿದೆರಡು ಗುಜರಿ. ಇಂಥ ಕಡೆ ಪೂರ್ಣ ನಿರ್ಬಂಧ ತೆಗೆಯದೆಯೇ, ಪ್ರೈಮರ್, ಮದ್ದು, ಯಂತ್ರದ ಬಿಡಿಭಾಗಗಳಿಗೆ ಮಾತ್ರ ವಿನಾಯಿತಿ ಕೊಟ್ಟರೂ ಫಲ ದೊಡ್ಡದು. ಮಂಡಳಿಯಲ್ಲಿ ಮತಕ್ಕೆ ಬಂದದ್ದು ಮಾತ್ರ ಇಡೀ ವಿನಾಯಿತಿಯ ಕರಡು.

ದಾರಿಯ ಮಾತು ಇನ್ನೂ ಕಠಿಣ. ಬೋಸ್ನಿಯಾಕ್ಕೆ ನೆಯುಮ್ ಬಳಿ ಸುಮಾರು 20 ಕಿಲೊಮೀಟರ್ ಕಡಲತೀರ ಇದೆ, ಸರಕು ಬಂದರು ಇಲ್ಲ. ಎಲ್ಲವೂ ಕ್ರೊಯೇಷಿಯಾದ ಪ್ಲೊಚೆ ಬಂದರಿನಿಂದಲೋ ಅದರ ಬೇರೆ ರಸ್ತೆಗಳಿಂದಲೋ ಬರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಮಂಡಳಿ ವರ ಕೊಟ್ಟರೂ ಕ್ರೊಯೇಷಿಯಾ ಬಾಗಿಲು ತೆರೆಯಬೇಕು. 1993ರ ವಸಂತದಿಂದ 1994ರ ಮಾರ್ಚ್ 18ರ ವಾಷಿಂಗ್ಟನ್ ಒಪ್ಪಂದದವರೆಗೆ ಬೋಸ್ನಿಯಾದ ಕ್ರೊಯೇಟ್ ಪಡೆಗಳೇ ಸರ್ಕಾರದ ಸೇನೆಯ ವಿರುದ್ಧ ಹೋರಾಡುತ್ತಿದ್ದವು. ಅಂದರೆ 1993ರ ಜೂನ್ 29ರ ಆ ಕರಡು ಗೆದ್ದಿದ್ದರೂ ಲಾರಿ ಬರುವ ದಾರಿ ಮುಚ್ಚಿತ್ತು. ಪರವಾಗಿ ಮಾತಾಡುವವರು ಈ ತಿಂಗಳುಗಳನ್ನು ಮೆಲ್ಲಗೆ ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ‘1993ರಲ್ಲಿ ತೆಗೆದಿದ್ದರೆ’ ಎಂಬ ವಾದಕ್ಕೆ ಬೀಳುವ ಅತಿ ದೊಡ್ಡ ಪೆಟ್ಟು ಇದೇ, ಬ್ರಿಟನ್ ಕೊಟ್ಟ ಯಾವ ಕಾರಣವೂ ಅಲ್ಲ.

ಹಾಗಂತ ಬ್ರಿಟನ್, ಫ್ರಾನ್ಸ್ ಕೊಟ್ಟ ಕಾರಣಗಳನ್ನು ತಳ್ಳಿಹಾಕಲಾಗದು. ಬ್ರಿಟಿಷ್ ವಿದೇಶಾಂಗ ಮಂತ್ರಿ ಡಗ್ಲಸ್ ಹರ್ಡ್ ನಿರ್ಬಂಧ ತೆಗೆದರೆ ಸಿಗುವುದು ಸಮತಟ್ಟಾದ ಕೊಲೆಯ ಬಯಲು ಎಂಬರ್ಥದ ಮಾತಾಡಿ ಬಹಳ ಬೈಸಿಕೊಂಡರು, ಬೈಸಿಕೊಳ್ಳಬೇಕಾದ ಮಾತೇ ಅದು. ಅದರ ಹಿಂದಿದ್ದ ನಿಜವಾದ ಕಾರಣ ಬೇರೆ: ಅವರ ಸೈನಿಕರು ನೀಲಿ ಹೆಲ್ಮೆಟ್ ಹಾಕಿಕೊಂಡು ಅಲ್ಲೇ ಇದ್ದರು. 1992ರ ಮಾರ್ಚಿನಿಂದ ಒಂದು ವರ್ಷ ಆ ವಿಶ್ವಸಂಸ್ಥೆ ಪಡೆಯ ಮೊದಲ ದಂಡನಾಯಕರಾಗಿದ್ದವರು ಭಾರತದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದವರು. ಆ ಪಡೆ ಬಂದದ್ದು ಕ್ರೊಯೇಷಿಯಾದ ಕದನವಿರಾಮ ನೋಡಿಕೊಳ್ಳಲು. ಕೇಂದ್ರ ಕಚೇರಿ ಸರಯೇವೊದಲ್ಲಿತ್ತು, ಆ ಊರಿಗೇ ಬೆಂಕಿ ಬಿತ್ತು. ಆಮೇಲೆ ಅದಕ್ಕೆ ಆಹಾರ ಬೆಂಗಾವಲಿನ ಕೆಲಸ ಬಂತು, 1993ರಲ್ಲಿ ಸ್ರೆಬ್ರೆನಿತ್ಸಾ, ಝೆಪಾ, ಗೊರಾಜ್ದೆ, ತುಜ್ಲಾ, ಬಿಹಾಚ್, ಸರಯೇವೊ ಎಂಬ ಆರು ‘ಸುರಕ್ಷಿತ ಪ್ರದೇಶ’ಗಳ ಹೊಣೆ ಬಂತು. ಅವಕ್ಕೆ ಸುಮಾರು 34,000 ಸೈನಿಕರು ಬೇಕೆಂದು ಅಂದಾಜಾಗಿತ್ತು. ಮಂಡಳಿ ಒಪ್ಪಿದ್ದು 7,600ರ ‘ಹಗುರ ಆಯ್ಕೆ’ಯನ್ನು.

ಚದುರಿ ನಿಂತ ಈ ಸೈನಿಕರು ಕಾವಲುಗಾರರಿಗಿಂತ ಹೆಚ್ಚಾಗಿ ಒತ್ತೆಯಾಳುಗಳಾದರು. 1995ರ ಮೇ ಕೊನೆಯಲ್ಲಿ ನೇಟೊ ವಿಮಾನಗಳು ಬೋಸ್ನಿಯಾ ಸರ್ಬ್ ನಾಯಕರ ನೆಲೆಯಾಗಿದ್ದ ಪಾಲೆ ಬಳಿಯ ಮದ್ದಿನ ಉಗ್ರಾಣಕ್ಕೆ ಬಾಂಬು ಹಾಕಿದಾಗ ಸರ್ಬ್ ಪಡೆಗಳು ಸುಮಾರು 400 ವಿಶ್ವಸಂಸ್ಥೆ ಸಿಬ್ಬಂದಿಯನ್ನು ಹಿಡಿದಿಟ್ಟುಕೊಂಡವು. ಕೆಲವರನ್ನು ಗುರಿಯಾಗಬಹುದಾದ ಜಾಗಗಳಲ್ಲಿ ಸರಪಳಿ ಹಾಕಿ ಕಟ್ಟಿದ ಚಿತ್ರಗಳನ್ನು ಜಗತ್ತು ನೋಡಿತು. ನಿರ್ಬಂಧ ತೆಗೆದರೆ ಶಾಂತಿಪಡೆ ಹೊರಡಬೇಕು, ಹೊರಟರೆ ಅದನ್ನು ಸುರಕ್ಷಿತವಾಗಿ ಹೊರತರಲು ನೇಟೊ ಹತ್ತಾರು ಸಾವಿರ ಸೈನಿಕರನ್ನು, ಅದರಲ್ಲಿ ಸುಮಾರು 20,000 ಅಮೆರಿಕನ್ನರನ್ನು ಇಳಿಸಬೇಕು. ಹೊರಡುವ ದಿನ ಆಹಾರದ ಬೆಂಗಾವಲೂ ನಿಲ್ಲುತ್ತದೆ. ಪೂರ್ವದ ಮೂರು ಸಣ್ಣ ಪಟ್ಟಣಗಳಿಗೆ ಅದು ಮರಣಶಾಸನ.

ಅಮೆರಿಕ ಇದನ್ನು ಬಲ್ಲದ್ದರಿಂದಲೇ 1993ರ ಮೇ ತಿಂಗಳಲ್ಲಿ ಅದರ ವಿದೇಶಾಂಗ ಮಂತ್ರಿ ವಾರನ್ ಕ್ರಿಸ್ಟೋಫರ್ ಯುರೋಪಿಗೆ ತಂದ ಪ್ರಸ್ತಾಪದಲ್ಲಿ ಎರಡು ಭಾಗವಿತ್ತು: ನಿರ್ಬಂಧ ತೆಗೆಯುವುದು, ಆಯುಧ ಬರುವ ತನಕ ಸರ್ಬ್ ಫಿರಂಗಿಗಳ ಮೇಲೆ ವೈಮಾನಿಕ ದಾಳಿ ಮಾಡುವುದು. ಆಲೋಚನೆ ಸರಿಯಾಗಿತ್ತು, ಏಕೆಂದರೆ ಎರಡನೇ ಭಾಗ ಇದ್ದದ್ದೇ ನಡುವಿನ ಅವಧಿಯನ್ನು ಮುಚ್ಚಲು. ಅಪಾಯಕ್ಕೆ ಒಡ್ಡಿಕೊಳ್ಳುವವರು ಯುರೋಪಿಯನ್ ಸೈನಿಕರು, ವಿಮಾನ ಹಾರಿಸುವವರು ಅಮೆರಿಕನ್ನರು ಎಂಬ ಹಂಚಿಕೆಯನ್ನು ಲಂಡನ್, ಪ್ಯಾರಿಸ್ ಒಪ್ಪಲಿಲ್ಲ. ನೆಲದ ಮೇಲೆ ಸೈನಿಕರಿಲ್ಲದವರ ಸಲಹೆಗೆ ಅಷ್ಟೇ ತೂಕ.

ಅತ್ಯಂತ ಸ್ಪಷ್ಟ ಸಾಕ್ಷಿ ಸ್ವತಃ ಬೋಸ್ನಿಯಾದ ಅಧ್ಯಕ್ಷ ಅಲಿಯಾ ಇಜೆತ್ಬೆಗೊವಿಚ್ ಅವರದು. ಎರಡು ವರ್ಷ ನಿರ್ಬಂಧ ತೆಗೆಯಿರಿ ಎಂದು ಕೂಗಿದ ಅವರು 1994ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು, ನಿರ್ಣಯ ಈಗ ಮಾಡಿ, ಜಾರಿಯನ್ನು ಆರು ತಿಂಗಳು ಮುಂದೂಡಿ ಎಂದರು. ಹೆದರಿ ಹಿಂದೆ ಸರಿದರು ಎಂದು ಕೆಲವರು ಟೀಕಿಸಿದರು. ಹೆದರಿಕೆಯಲ್ಲ, ಅದು ಲೆಕ್ಕ: ಚಳಿಗಾಲ ಎದುರಿಗಿದೆ, ಶಾಂತಿಪಡೆ ಹೋದರೆ ಹಿಟ್ಟೂ ಹೋಗುತ್ತದೆ, ಫಿರಂಗಿ ಇನ್ನೂ ಬಂದಿಲ್ಲ.

ಅಷ್ಟರಲ್ಲಿ ನಿರ್ಬಂಧ ಹೇಗೂ ಸೋರುತ್ತಿತ್ತು. 1992ರ ಸೆಪ್ಟೆಂಬರಿನಲ್ಲೇ ಕ್ರೊಯೇಷಿಯಾದ ರಾಜಧಾನಿ ಝಾಗ್ರೆಬ್‌ನಲ್ಲಿ ಇರಾನಿನ ವಿಮಾನವೊಂದರಲ್ಲಿ ಬಂದೂಕುಗಳು ಸಿಕ್ಕಿಬಿದ್ದಿದ್ದವು. ವಾಷಿಂಗ್ಟನ್ ಒಪ್ಪಂದವಾಗಿ ಒಂದು ತಿಂಗಳಿಗೆ, 1994ರ ಏಪ್ರಿಲಿನಲ್ಲಿ, ಇರಾನಿನ ಆಯುಧ ನಮ್ಮ ನೆಲದ ಮೂಲಕ ಹೋಗಬಹುದೇ ಎಂದು ಕ್ರೊಯೇಷಿಯಾದ ಅಧ್ಯಕ್ಷ ಫ್ರಾಂಜೊ ತುಜ್‌ಮನ್ ಅಮೆರಿಕದ ರಾಯಭಾರಿ ಪೀಟರ್ ಗಾಲ್ಬ್ರೇತ್ ಅವರನ್ನು ಕೇಳಿದರು. ಈ ಬಗ್ಗೆ ನನಗೆ ಯಾವ ಸೂಚನೆಯೂ ಇಲ್ಲ ಎಂಬುದು ವಾಷಿಂಗ್ಟನ್ ಹೇಳಿಕೊಟ್ಟ ಉತ್ತರ. ಬೇಡ ಎನ್ನದಿದ್ದರೆ ಸಾಕಿತ್ತು. ಹೀಗೆ ಬಂದ ಪ್ರತಿ ಸರಕಿನಲ್ಲೂ ಕ್ರೊಯೇಷಿಯಾ ತನ್ನ ಪಾಲು ಮುರಿದುಕೊಂಡೇ ಮುಂದೆ ಬಿಟ್ಟಿತು. ಇದು 1996ರಲ್ಲಿ ಬಯಲಾದಾಗ ಅಮೆರಿಕದ ಸಂಸತ್ತಿನಲ್ಲಿ ತನಿಖೆಯೇ ನಡೆಯಿತು.

ನಿರ್ಬಂಧ ಆಯುಧವನ್ನು ನಿಲ್ಲಿಸುವುದಿಲ್ಲ, ಯಾರಿಂದ ಬರುತ್ತದೆ ಎಂಬುದನ್ನು ಬದಲಿಸುತ್ತದೆ. ರಶೀದಿ, ಸರಣಿ ಸಂಖ್ಯೆ, ಕೊನೆಯ ಬಳಕೆದಾರನ ಪ್ರಮಾಣಪತ್ರದೊಂದಿಗೆ ಬರಬಹುದಾಗಿದ್ದದ್ದು ಲೆಕ್ಕವಿಲ್ಲದೆ, ದುಬಾರಿಯಾಗಿ, ಋಣದ ಜೊತೆ ಬರುತ್ತದೆ. ಬಂದದ್ದು ಹಗುರ ಆಯುಧವೇ ಹೊರತು ಭಾರಿ ಫಿರಂಗಿಯಲ್ಲ, ಏಕೆಂದರೆ ಕಳ್ಳದಾರಿಯಲ್ಲಿ ತರಲಾಗುವುದು ಅಷ್ಟೇ. ಹಾಗಾಗಿ ಸರ್ಕಾರದ ಸೇನೆ ಸೋಲದಷ್ಟು ಬಲವಾಯಿತು, ಬೆಟ್ಟದ ಮೇಲಿನ ಫಿರಂಗಿಯನ್ನು ಬಾಯಿ ಮುಚ್ಚಿಸುವಷ್ಟು ಬಲವಾಗಲಿಲ್ಲ. ಯುದ್ಧ ಎಳೆಯುತ್ತ ಹೋಯಿತು. ಅದೇ ನಿರ್ಬಂಧದಡಿಯಲ್ಲಿದ್ದ ಕ್ರೊಯೇಷಿಯಾ, ಬಂದರೂ ಗಡಿಯೂ ಹಣವೂ ಇದ್ದುದರಿಂದ, 1995ರ ಆಗಸ್ಟ್ 4ರಿಂದ ನಾಲ್ಕೇ ದಿನದಲ್ಲಿ ತನ್ನೊಳಗೆ ಸರ್ಬ್ ಪಡೆಗಳು ಹಿಡಿದಿದ್ದ ಕ್ರಾಯಿನಾ ಪ್ರದೇಶವನ್ನು ಗೆಲ್ಲುವಂಥ ಸೇನೆ ಕಟ್ಟಿತು. ನಿರ್ಬಂಧ ನಿಜವಾಗಿ ಕಟ್ಟಿಹಾಕಿದ್ದು ಸುತ್ತುವರಿದವರನ್ನು ಮಾತ್ರ.

1995ರ ಜುಲೈ 11ರಂದು ಸ್ರೆಬ್ರೆನಿತ್ಸಾ ಬಿತ್ತು. 8,000ಕ್ಕೂ ಹೆಚ್ಚು ಗಂಡಸರು, ಹುಡುಗರನ್ನು ಕೊಂದರು. ಅದೇ ತಿಂಗಳ 26ರಂದು ಅಮೆರಿಕದ ಸೆನೆಟ್ ನಿರ್ಬಂಧವನ್ನು ಅಮೆರಿಕ ಏಕಪಕ್ಷೀಯವಾಗಿ ಕೈಬಿಡಬೇಕೆಂದು 69–29ರಲ್ಲಿ ಮತ ಹಾಕಿತು, ಆಗಸ್ಟ್ 1ರಂದು ಕೆಳಮನೆಯೂ ಒಪ್ಪಿತು, 11ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ವೀಟೊ ಹಾಕಿದರು. ಏಕಪಕ್ಷೀಯವಾಗಿ ಕೈಬಿಡುವುದರ ತೊಡಕೂ ಸಣ್ಣದಲ್ಲ. ಬೆಲ್‌ಗ್ರೇಡ್ ಮೇಲೆ 1992ರ ಮೇ 30ರಿಂದ ಕಠಿಣ ಆರ್ಥಿಕ ನಿರ್ಬಂಧವಿತ್ತು. ಅಮೆರಿಕ ತನಗೆ ಬೇಡವಾದ ನಿರ್ಣಯ ಮುರಿದರೆ, ರಷ್ಯಾ ತನಗೆ ಬೇಡವಾದದ್ದನ್ನು ಮುರಿಯಲು ಯಾರ ಅಪ್ಪಣೆ ಕೇಳಬೇಕು? ಕೊನೆಗೆ ತಕ್ಕಡಿ ವಾಲಿಸಿದ್ದು ಮೂರು ಸಂಗತಿ ಒಟ್ಟಿಗೆ ಬಂದದ್ದು: ಶಾಂತಿಪಡೆ ಪೂರ್ವದ ಪಟ್ಟಣಗಳಿಂದ ಹಿಂದೆ ಸರಿದು ಒತ್ತೆಯ ಅಪಾಯ ತಗ್ಗಿದ್ದು, ಕ್ರೊಯೇಷಿಯಾ ಮತ್ತು ಬೋಸ್ನಿಯಾ ಸೇನೆಗಳ ನೆಲದ ಮುನ್ನಡೆ, ಆಗಸ್ಟ್ 30ರಿಂದ ಸೆಪ್ಟೆಂಬರ್ 20ರವರೆಗಿನ ನೇಟೊ ವೈಮಾನಿಕ ದಾಳಿ. 1993ರಲ್ಲಿ ಕ್ರಿಸ್ಟೋಫರ್ ತಂದಿದ್ದ ಚೀಟಿಯ ಎರಡನೇ ಭಾಗವನ್ನು ಕೊನೆಗೂ ಜಾರಿ ಮಾಡಿದರು, ಎರಡು ವರ್ಷ ತಡವಾಗಿ.

ಹಾಗಾದರೆ 1992ರ ಮೇ ಏಕೆ ಸರಿಯಾದ ಸಮಯ? ಆಗ ಬೋಸ್ನಿಯಾದಲ್ಲಿ ಒತ್ತೆಯಾಗಬಲ್ಲ ಶಾಂತಿಪಡೆ ದೊಡ್ಡದಾಗಿರಲಿಲ್ಲ. ಕ್ರೊಯೇಟರು ಇನ್ನೂ ಮಿತ್ರರು, ದಾರಿ ತೆರೆದಿತ್ತು. ಸರ್ಬ್ ಸೇನೆ ದೇಶದ ಸುಮಾರು ಶೇ 70ರಷ್ಟನ್ನು ಹಿಡಿದು ಗಟ್ಟಿಯಾಗಿ ಕೂತಿರಲಿಲ್ಲ. ಹೊಸ ಸದಸ್ಯ ದೇಶ ಎಂಬ ಕಾನೂನಿನ ನೆವವೂ ಕೈಯಲ್ಲಿತ್ತು: 713 ಹಳೆಯ ದೇಶಕ್ಕೆ, ಈ ಹೊಸ ದೇಶಕ್ಕಲ್ಲ ಎಂದು ಒಂದು ಸಾಲಿನ ನಿರ್ಣಯ ಸಾಕಿತ್ತು. ಬೇಕಾದದ್ದೂ ಟ್ಯಾಂಕುಗಳಲ್ಲ, ಯುಗೊಸ್ಲಾವ್ ಅಳತೆಗೆ ಹೊಂದುವ 7.62 ಮಿಲಿಮೀಟರ್ ಗುಂಡು, 120 ಮಿಲಿಮೀಟರ್ ಮಾರ್ಟರ್, ಟ್ಯಾಂಕ್ ನಿರೋಧಕ ಆಯುಧ, ರೇಡಿಯೊ. ಅಳತೆಯ ವಿಷಯ ಚಿಲ್ಲರೆಯಲ್ಲ, 5.56ರ ಪಾಶ್ಚಾತ್ಯ ಬಂದೂಕು ಕೊಟ್ಟರೆ ಶತ್ರುವಿನಿಂದ ಕಿತ್ತುಕೊಂಡ ಗುಂಡು ಅದಕ್ಕೆ ಹೋಗುವುದಿಲ್ಲ. ವಿಶ್ವಸಂಸ್ಥೆಯೇ 1999ರ ಸ್ರೆಬ್ರೆನಿತ್ಸಾ ವರದಿಯಲ್ಲಿ ಒಪ್ಪಿಕೊಂಡಿದೆ: ನಿರ್ಬಂಧ ಇದ್ದ ಅಸಮತೋಲನವನ್ನು ಹಾಗೇ ಹೆಪ್ಪುಗಟ್ಟಿಸಿತು, ಅದನ್ನು ಹೇರಿದ್ದು ತಪ್ಪಲ್ಲದಿರಬಹುದು, ಹೇರಿದ ಮೇಲೆ ಆ ದೇಶವನ್ನು ಕಾಪಾಡುವ ಹೊಣೆಯೂ ಬರುತ್ತದೆ.

ಮತ್ತೊಂದು ದೇಶದ ವಿಷಯದಲ್ಲಿ ಇದೇ ಪ್ರಶ್ನೆ ಎದ್ದರೆ ನೀವು ಕೇಳಬೇಕಾದವು ಈ ಕ್ರಮದಲ್ಲಿ. ಈಗ ಯಾರ ಬಳಿ ಎಷ್ಟು ಭಾರಿ ಆಯುಧ, ಎಷ್ಟು ದಿನದ ಮದ್ದು? ಕೊಡುವ ಸಾಮಾನು ಯಾವ ಬಂದರು, ಯಾವ ರಸ್ತೆ, ಯಾವ ನೆರೆಯವನ ಅಂಗಳದಿಂದ ಹೋಗಬೇಕು, ಅವನು ಎಷ್ಟು ಪಾಲು ಕೇಳುತ್ತಾನೆ? ಬಳಸಲು ಕಲಿಯುವ ತನಕ ಆಕಾಶದಿಂದಲೋ ನೆಲದಿಂದಲೋ ಕಾಯುವವರು ಯಾರು, ಅವರು ಒಪ್ಪಿದ್ದಾರೆಯೇ? ಒತ್ತೆಯಾಗಬಲ್ಲ ಶಾಂತಿಪಡೆ, ನೆರವು ಸಿಬ್ಬಂದಿ ಎಲ್ಲಿ? ಪಡೆಯುವ ಸರ್ಕಾರಕ್ಕೆ ತನ್ನ ಉಗ್ರಾಣದ ಮೇಲೆ ಹಿಡಿತವಿದೆಯೇ?

ಕೊನೆಯದಕ್ಕೆ ಸೊಮಾಲಿಯಾ ನೋಡಿ. 1992ರಿಂದಿದ್ದ ನಿರ್ಬಂಧವನ್ನು ಅಲ್ಲಿ 2013ರ ಮಾರ್ಚಿನಲ್ಲಿ 2093ನೇ ನಿರ್ಣಯ ಸರ್ಕಾರಿ ಪಡೆಗಳಿಗಾಗಿ ಒಂದು ವರ್ಷದ ಮಟ್ಟಿಗೆ ಸಡಿಲಿಸಿತು. ನೆಲದಿಂದ ಆಕಾಶಕ್ಕೆ ಹಾರುವ ಕ್ಷಿಪಣಿ, 12.7 ಮಿಲಿಮೀಟರಿಗಿಂತ ದೊಡ್ಡ ಬಂದೂಕು ಮುಂತಾದವು ಪಟ್ಟಿಯ ಹೊರಗೆ. ಪ್ರತಿ ಸರಕಿಗೂ ಮೊದಲೇ ಸೂಚನೆ ಕೊಡಬೇಕು. ಆದರೂ ಸರ್ಕಾರಿ ಬಂದೂಕುಗಳು ಪೇಟೆಗೆ ಸೋರಿದವೆಂದು ವಿಶ್ವಸಂಸ್ಥೆಯ ಮೇಲ್ವಿಚಾರಣಾ ತಂಡ ವರದಿ ಮಾಡಿತು. ಸರ್ಕಾರದ ಮೇಲಿನ ನಿರ್ಬಂಧವನ್ನು ಪೂರ್ತಿ ತೆಗೆಯಲು 2023ರ ಡಿಸೆಂಬರ್ ಬೇಕಾಯಿತು. ಗುರುತು ಕೊರೆಯುವುದು, ಪಟ್ಟಿ ಇಡುವುದು, ಬೀಗ ಹಾಕುವುದು ಎಂಬ ಗುಮಾಸ್ತೆ ಕೆಲಸವೇ ಇಲ್ಲಿ ಯುದ್ಧನೀತಿ.

ಬೋಸ್ನಿಯಾದ ನಿರ್ಬಂಧ ಕೊನೆಗೆ ತೆಗೆದದ್ದು ಯುದ್ಧ ಮುಗಿಸಿದ ಡೇಟನ್ ಒಪ್ಪಂದದ ಮರುದಿನ, 1995ರ ನವೆಂಬರ್ 22ರ 1021ನೇ ನಿರ್ಣಯದಿಂದ, ಅದೂ ಹಂತಹಂತವಾಗಿ. ಮೊದಲ 90 ದಿನ ಏನೂ ಬದಲಿಲ್ಲ. ಆಮೇಲೆ ಹಗುರ ಆಯುಧಕ್ಕೆ ಬಿಡುಗಡೆ, ಭಾರಿ ಆಯುಧ, ನೆಲಬಾಂಬು, ಯುದ್ಧವಿಮಾನಗಳಿಗೆ ಇಲ್ಲ. 180 ದಿನಗಳಾದ ಮೇಲೆ, ಶಸ್ತ್ರ ಮಿತಿಯ ಒಪ್ಪಂದದ ವರದಿ ಬಂದ ನಂತರ ಪೂರ್ತಿ. 1996ರ ಜೂನಿನಲ್ಲಿ ಫ್ಲಾರೆನ್ಸ್‌ನಲ್ಲಿ ಆ ಮಿತಿ ಗೊತ್ತಾಯಿತು: ಸರ್ಬಿಯಾ ಕಡೆಗೆ 5 ಪಾಲು, ಕ್ರೊಯೇಷಿಯಾಕ್ಕೆ 2, ಬೋಸ್ನಿಯಾಕ್ಕೆ 2, ಬೋಸ್ನಿಯಾದೊಳಗೆ ಒಕ್ಕೂಟಕ್ಕೂ (ಸರ್ಕಾರದ ಕಡೆಯವರೂ ಕ್ರೊಯೇಟರೂ ಸೇರಿದ ಭಾಗ) ಸರ್ಬ್ ಗಣರಾಜ್ಯಕ್ಕೂ (ಬೋಸ್ನಿಯಾದ ಸರ್ಬರ ಭಾಗ) 2:1. ಅಮೆರಿಕ ಒಕ್ಕೂಟದ ಸೇನೆಗೆ 45 ಎಂ-60 ಟ್ಯಾಂಕು, 80 ಕವಚ ವಾಹನ, 15 ಹೆಲಿಕಾಪ್ಟರ್, 46,100 ರೈಫಲ್ ಕೊಡಲು ಒಪ್ಪಿತು. ಯುದ್ಧ ನಿಂತಿತ್ತು, ಬಂದರು ತೆರೆದಿತ್ತು, ಹಣ ಸಿದ್ಧವಿತ್ತು, ತಡೆಯುವ ನಿರ್ಣಯ ಒಂದೂ ಇರಲಿಲ್ಲ. ಆ ಟ್ಯಾಂಕುಗಳ ಹಡಗು ಪ್ಲೊಚೆ ಬಂದರಿಗೆ ಬಂದದ್ದು 1996ರ ಶರತ್ಕಾಲದಲ್ಲಿ. ಇರಾನಿನ ಜೊತೆ ನಂಟಿದ್ದ ಉಪ ರಕ್ಷಣಾ ಮಂತ್ರಿ ಹಸನ್ ಚೆಂಗಿಚ್ ಅವರನ್ನು ತೆಗೆಯುವ ತನಕ ಅಮೆರಿಕ ಸಾಮಾನು ಇಳಿಸಲು ಬಿಡಲಿಲ್ಲ. ಇಳಿದದ್ದು ನವೆಂಬರಿನಲ್ಲಿ, ನಿರ್ಬಂಧ ತೆಗೆಯುವ ತೀರ್ಮಾನವಾಗಿ ಸರಿಯಾಗಿ ಒಂದು ವರ್ಷಕ್ಕೆ.